ಹಳೆಯ ಗೇಮ್ ಹೊಸ ಪಿಸಿಯಲ್ಲಿ ಓಡಬೇಕಾದರೆ

ಇಪ್ಪತ್ತೈದು ವರ್ಷ ಹಳೆಯ ಗೇಮ್ ಇವತ್ತಿನ ಪಿಸಿಯಲ್ಲಿ ತೆರೆಯದೆ ಮೊಂಡು ಹಿಡಿದರೆ ಅದು ಪಿಸಿಯ ತಾಕತ್ತಿನ ತಪ್ಪಲ್ಲ. ಗೇಮ್ ಯಾವುದನ್ನೋ ನೆಚ್ಚಿಕೊಂಡಿತ್ತು, ಅದು ಈಗ ಅಲ್ಲಿಲ್ಲ. 16 ಬಿಟ್ ಪ್ರೋಗ್ರಾಂ ಓಡಿಸುವ ವ್ಯವಸ್ಥೆ ಇರಬಹುದು, 256 ಬಣ್ಣದ ಪರದೆ ಇರಬಹುದು, ಡ್ರೈವಿನಲ್ಲಿ ತಿರುಗುವ ಸಿಡಿ ಇರಬಹುದು, ‘ಪ್ರೊಸೆಸರ್ ಇಷ್ಟೇ ವೇಗದ್ದು’ ಎಂಬ ಊಹೆಯೇ ಇರಬಹುದು. ಕಾಣೆಯಾಗಿರುವುದು ಯಾವುದೆಂದು ಮೊದಲು ಹುಡುಕಿ ಅದೊಂದನ್ನೇ ತುಂಬಿಕೊಟ್ಟರೆ ಮಿಕ್ಕಿದ್ದು ಸಾಮಾನ್ಯವಾಗಿ ತಾನಾಗಿ ಸರಿಹೋಗುತ್ತದೆ. ಅದು ಬಿಟ್ಟು ಗೇಮ್ ಫೈಲಿನ ಪ್ರಾಪರ್ಟೀಸ್‌ನಲ್ಲಿರುವ ಕಂಪ್ಯಾಟಿಬಿಲಿಟಿ ಟ್ಯಾಬಿನಲ್ಲಿ ಸಿಕ್ಕ ಚೌಕಕ್ಕೆಲ್ಲ ಟಿಕ್ ಹಾಕುತ್ತಾ ಕೂತರೆ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ.

ಮುಂದೆ ಬರುವ ಆಜ್ಞೆಗಳು, ಫೈಲ್ ಹೆಸರುಗಳು ಕನ್ನಡದಲ್ಲಿವೆ; ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳಲ್ಲೇ ಹೊಡೆಯಬೇಕು.

ಕಾಲ ಗೊತ್ತಾದರೆ ಕಾಯಿಲೆ ಗೊತ್ತಾದಂತೆ

ಗೇಮ್ ಬಂದ ವರ್ಷವೇ ಅರ್ಧ ಉತ್ತರ ಹೇಳುತ್ತದೆ. 1995ಕ್ಕೂ ಹಿಂದಿನದಾದರೆ ಬಹುತೇಕ ಡಾಸ್ (ಆಜ್ಞೆ ಟೈಪ್ ಮಾಡಿ ನಡೆಸುತ್ತಿದ್ದ ಹಳೆಯ ವ್ಯವಸ್ಥೆ) ಗೇಮ್. ಅದಕ್ಕೆ ಡಾಸ್‌ಬಾಕ್ಸ್ ಬೇಕು. 1996ರಿಂದ 2000ದವರೆಗಿನವು ಪರದೆಗೆ ಚಿತ್ರ ಬಿಡಿಸುವ ಡೈರೆಕ್ಟ್‌ಡ್ರಾ ಮತ್ತು ಗ್ಲೈಡ್, ಸಿಡಿ ಸಂಗೀತ ಇವುಗಳ ಕಾಲದವು. ಹೆಚ್ಚು ತಲೆನೋವು ಇವುಗಳದ್ದೇ. 2001ರಿಂದ 2006ರವರೆಗಿನವು ವಿಂಡೋಸಿನ ಚಿತ್ರ-ಸದ್ದಿನ ವ್ಯವಸ್ಥೆಯಾದ ಡೈರೆಕ್ಟ್‌ಎಕ್ಸ್‌ನ 8 ಮತ್ತು 9ನೇ ಆವೃತ್ತಿಯವು. ಇವು ತೆರೆಯುತ್ತವೆ, ಆದರೆ ನೆರಳು, ಸದ್ದು, ಡಿಸ್ಕ್ ತಪಾಸಣೆಯಲ್ಲಿ ಕೈಕೊಡುತ್ತವೆ. ಅಲ್ಲಿಂದಾಚೆಗಿನವು ಮುಕ್ಕಾಲು ಪಾಲು ಹಾಗೇ ಓಡುತ್ತವೆ.

ಗೇಮ್ ತೆರೆದ ತಕ್ಷಣ ಮಾತಿಲ್ಲದೆ ಮುಚ್ಚಿಕೊಂಡರೆ ಊಹಿಸುತ್ತಾ ಕೂರಬೇಡಿ. ವಿಂಡೋಸಿನ ಈವೆಂಟ್ ವ್ಯೂವರ್ ತೆರೆದು ವಿಂಡೋಸ್ ಲಾಗ್ಸ್, ಅದರೊಳಗೆ ಅಪ್ಲಿಕೇಶನ್ ನೋಡಿ. ಕೆಂಪು ಗುರುತಿನ ‘ಅಪ್ಲಿಕೇಶನ್ ಎರರ್’ ಸಾಲಿನಲ್ಲಿ ‘ಫಾಲ್ಟಿಂಗ್ ಮಾಡ್ಯೂಲ್’ ಎಂದು ಒಂದು ಫೈಲ್ ಹೆಸರಿರುತ್ತದೆ (ಡಿಎಲ್‌ಎಲ್ ಎಂದರೆ ಪ್ರೋಗ್ರಾಂಗಳು ಬಳಸಿಕೊಳ್ಳುವ ಸಹಾಯಕ ಫೈಲ್). ಅದು ಡಿಡ್ರಾ.ಡಿಎಲ್‌ಎಲ್ ಆಗಿದ್ದರೆ ತೊಂದರೆ ಚಿತ್ರದ್ದು, ಡಿಸೌಂಡ್.ಡಿಎಲ್‌ಎಲ್ ಆಗಿದ್ದರೆ ಸದ್ದಿನದ್ದು, ಗ್ರಾಫಿಕ್ಸ್ ಡ್ರೈವರಿನ ಓಪನ್‌ಜಿಎಲ್ ಫೈಲ್ ಆಗಿದ್ದರೆ 3ಡಿ ಚಿತ್ರ ಬಿಡಿಸುವ ಓಪನ್‌ಜಿಎಲ್‌ನದ್ದು. ಎರಡು ನಿಮಿಷದ ಈ ಕೆಲಸ ಎರಡು ಗಂಟೆ ಉಳಿಸುತ್ತದೆ.

ಎಲ್ಲಿ ಇಡಬೇಕು

ಹಳೆಯ ಗೇಮನ್ನು ಪ್ರೋಗ್ರಾಂ ಫೈಲ್ಸ್ ಒಳಗೆ ಹಾಕಬೇಡಿ. ಆ ಕಾಲದ ಗೇಮ್‌ಗಳು ಸೇವ್ ಫೈಲನ್ನೂ ಸೆಟ್ಟಿಂಗನ್ನೂ ತಮ್ಮದೇ ಫೋಲ್ಡರಿನಲ್ಲಿ ಬರೆದುಕೊಳ್ಳುತ್ತವೆ. ವಿಸ್ಟಾದಿಂದ ಈಚೆಗೆ ವಿಂಡೋಸ್ ಆ ಜಾಗದಲ್ಲಿ ಬರೆಯಲು ಬಿಡುವುದಿಲ್ಲ; ಬರೆದದ್ದನ್ನು ಸದ್ದಿಲ್ಲದೆ ಬಳಕೆದಾರರ ಆಪ್‌ಡೇಟಾ ಫೋಲ್ಡರಿನ ಲೋಕಲ್ ಒಳಗಿರುವ ವರ್ಚುವಲ್‌ಸ್ಟೋರ್‌ಗೆ ತಿರುಗಿಸುತ್ತದೆ. ‘ಸೆಟ್ಟಿಂಗ್ ಬದಲಿಸಿದೆ, ಗೇಮ್ ಕೇಳುತ್ತಲೇ ಇಲ್ಲ’ ಎಂಬ ದೂರಿಗೆ ಅನೇಕ ಸಲ ಇದೇ ಕಾರಣ: ನೀವು ತಿದ್ದಿದ್ದು ಒಂದು ಪ್ರತಿ, ಗೇಮ್ ಓದುತ್ತಿರುವುದು ಇನ್ನೊಂದು. ಸಿ ಡ್ರೈವಿನಲ್ಲೇ ‘ಗೇಮ್ಸ್’ ಎಂದು ನೇರ ಫೋಲ್ಡರ್ ಮಾಡಿ, ಒಳಗಿನ ಫೋಲ್ಡರುಗಳಿಗೂ ಎಂಟಕ್ಷರ ಮೀರದ, ಖಾಲಿ ಜಾಗವಿಲ್ಲದ ಇಂಗ್ಲಿಷ್ ಹೆಸರಿಡಿ. ಡಾಸ್‌ಬಾಕ್ಸಿಗೂ ಅದೇ ಅನುಕೂಲ.

ಇನ್‌ಸ್ಟಾಲ್ ಆದ ಕೂಡಲೇ, ಏನೂ ಮುಟ್ಟುವ ಮುಂಚೆ, ಇಡೀ ಫೋಲ್ಡರಿನ ಒಂದು ನಕಲು ತೆಗೆದಿಡಿ. ಆಮೇಲೆ ಒಂದು ಸಲಕ್ಕೆ ಒಂದೇ ಬದಲಾವಣೆ.

ಮೊದಲು ಹೊಸ ಎಂಜಿನ್ ಇದೆಯೇ ನೋಡಿ

ಬಹಳ ಜನ ಕೊನೆಯಲ್ಲಿ ತಲುಪುವ ಈ ದಾರಿಯಲ್ಲೇ ಮೊದಲು ಹೋಗಬೇಕು. ಎಷ್ಟೋ ಹಳೆಯ ಗೇಮ್‌ಗಳ ಎಂಜಿನ್ನನ್ನು (ಗೇಮನ್ನು ನಡೆಸುವ ಮೂಲ ಪ್ರೋಗ್ರಾಂ) ಇವತ್ತಿನ ಕಂಪ್ಯೂಟರಿಗೆ ಒಗ್ಗುವಂತೆ ಹೊಸದಾಗಿ ಬರೆದಿದ್ದಾರೆ. ಚಿತ್ರ, ಸದ್ದು, ನಕ್ಷೆಗಳಿರುವ ಡೇಟಾ ಫೈಲುಗಳನ್ನು ನಿಮ್ಮ ಮೂಲ ಸಿಡಿಯಿಂದ ಕೊಟ್ಟರಾಯಿತು.

1993ರ ಡೂಮ್‌ನ ಸೋರ್ಸ್ ಕೋಡ್ 1997ರಲ್ಲೇ ಬಹಿರಂಗವಾಯಿತು. ಹಳೆಯ ರುಚಿ ಕೆಡದಂತೆ ಆಡಬೇಕೆಂದರೆ ಚಾಕೊಲೇಟ್ ಡೂಮ್, ಸ್ವಲ್ಪ ನುಣುಪು ಬೇಕೆಂದರೆ ಕ್ರಿಸ್ಪಿ ಡೂಮ್, ಹೊಸ ಸವಲತ್ತುಗಳೆಲ್ಲ ಬೇಕೆಂದರೆ ಜಿಝಡ್‌ಡೂಮ್. ಮೂರಕ್ಕೂ ಬೇಕಾದ ಡೇಟಾ ಡೂಮ್.ವ್ಯಾಡ್ ಎಂಬ ಒಂದೇ ಫೈಲ್. 1996ರ ಡಯಾಬ್ಲೊಗೆ ಡೆವಿಲ್ಯೂಶನ್‌ಎಕ್ಸ್ ಇದೆ, ಸಿಡಿಯಲ್ಲಿರುವ ಡಯಾಬ್‌ಡ್ಯಾಟ್.ಎಂಪಿಕ್ಯೂ ಕೊಟ್ಟರೆ ಸಾಕು. ಟ್ರಾನ್ಸ್‌ಪೋರ್ಟ್ ಟೈಕೂನ್‌ಗೆ ಓಪನ್‌ಟಿಟಿಡಿ (ಇದಕ್ಕೆ ಸ್ವತಂತ್ರ ಚಿತ್ರಗಳೂ ಇರುವುದರಿಂದ ಮೂಲ ಸಿಡಿಯೂ ಬೇಕಿಲ್ಲ), ರೋಲರ್‌ಕೋಸ್ಟರ್ ಟೈಕೂನ್ 2ಕ್ಕೆ ಓಪನ್‌ಆರ್‌ಸಿಟಿ2, ಥೀಮ್ ಹಾಸ್ಪಿಟಲ್‌ಗೆ ಕೋರ್ಸಿಕ್ಸ್‌ಟಿಎಚ್, ಸೀಸರ್ 3ಕ್ಕೆ ಜೂಲಿಯಸ್ ಅಥವಾ ಆಗಸ್ಟಸ್, ಹೀರೋಸ್ 3ಕ್ಕೆ ವಿಸಿಎಂಐ, ಮಾರೋವಿಂಡ್‌ಗೆ ಓಪನ್‌ಎಂಡಬ್ಲ್ಯೂ. ತೋರಿಸಿ-ಕ್ಲಿಕ್ಕಿಸಿ ಆಡುವ ಸಾಹಸ ಗೇಮ್‌ಗಳಿಗೆ 2001ರಿಂದ ಬೆಳೆಯುತ್ತಾ ಬಂದಿರುವ ಸ್ಕಮ್‌ವಿಎಂ ಒಂದೇ ಸಾಕು. ಗೇಮಿನ ಫೋಲ್ಡರ್ ತೋರಿಸಿ ‘ಆ್ಯಡ್ ಗೇಮ್’ ಒತ್ತಿದರೆ ಯಾವ ಗೇಮ್, ಯಾವ ಆವೃತ್ತಿ ಎಂದು ಅದೇ ಗುರುತಿಸುತ್ತದೆ.

ಇಲ್ಲಿ ಸಾಮಾನ್ಯವಾಗಿ ಆಗುವ ಎಡವಟ್ಟು ಒಂದೇ: ಡೇಟಾ ಫೈಲನ್ನು ತಪ್ಪು ಫೋಲ್ಡರಿಗೆ ಹಾಕುವುದು, ಇಲ್ಲವೇ ಪ್ಯಾಚ್ ಆಗದ ಹಳೆಯ ಆವೃತ್ತಿಯ ಡೇಟಾ ಕೊಡುವುದು.

ಡಾಸ್ ಗೇಮ್‌ಗಳು

64 ಬಿಟ್ ವಿಂಡೋಸ್ ಡಾಸ್ ಪ್ರೋಗ್ರಾಂ ಓಡಿಸುವುದೇ ಇಲ್ಲ; ವಿಂಡೋಸ್ 11ಕ್ಕಂತೂ 32 ಬಿಟ್ ಆವೃತ್ತಿಯೇ ಇಲ್ಲ. ಪ್ರೊಸೆಸರ್ 64 ಬಿಟ್ ಸ್ಥಿತಿಗೆ ಹೋದ ಮೇಲೆ, ಡಾಸಿಗೆ ಬೇಕಾಗಿದ್ದ ವರ್ಚುವಲ್ 8086 ಎಂಬ ಸ್ಥಿತಿ ಅದರಲ್ಲಿ ಸಿಗುವುದಿಲ್ಲ. ಹಾಗಾಗಿ ಹಳೆಯ ಪಿಸಿಯನ್ನೇ ಸಾಫ್ಟ್‌ವೇರಿನಲ್ಲಿ ಕಟ್ಟಿಕೊಡುವ ಡಾಸ್‌ಬಾಕ್ಸ್ ಬೇಕು. ಮೂಲ ಡಾಸ್‌ಬಾಕ್ಸ್ 0.74 ಬಹಳ ವರ್ಷಗಳಿಂದ ನಿಂತಲ್ಲೇ ನಿಂತಿದೆ. ಹೊಸದಾಗಿ ಶುರುಮಾಡುವವರು ಡಾಸ್‌ಬಾಕ್ಸ್ ಸ್ಟೇಜಿಂಗ್ ಹಾಕಿಕೊಳ್ಳುವುದು ವಾಸಿ.

1. ಸಿ ಡ್ರೈವಿನ ಗೇಮ್ಸ್ ಒಳಗೆ ‘ಡಾಸ್’ ಎಂಬ ಫೋಲ್ಡರ್ ಮಾಡಿ, ಪ್ರತಿ ಗೇಮಿಗೂ ಅದರೊಳಗೊಂದು ಫೋಲ್ಡರ್ ಕೊಡಿ.
2. ಡಾಸ್‌ಬಾಕ್ಸಿನಲ್ಲಿ ‘ಮೌಂಟ್ ಸಿ’ ಎಂದು ಹೊಡೆದು, ಒಂದು ಜಾಗ ಬಿಟ್ಟು, ಆ ಡಾಸ್ ಫೋಲ್ಡರಿನ ಪೂರ್ಣ ವಿಳಾಸ ಬರೆಯಿರಿ. ಆ ಫೋಲ್ಡರ್ ಈಗ ಡಾಸ್‌ಬಾಕ್ಸಿಗೆ ಸಿ ಡ್ರೈವಿನಂತೆ ಕಾಣುತ್ತದೆ. ಇಡೀ ಸಿ ಡ್ರೈವನ್ನೇ ಮೌಂಟ್ ಮಾಡಬೇಡಿ. ಹಳೆಯ ಇನ್‌ಸ್ಟಾಲರ್ ಏನನ್ನಾದರೂ ಅಳಿಸಿದರೆ ನಿಜವಾದ ಫೈಲೇ ಅಳಿಯುತ್ತದೆ.
3. ಸಿಡಿ ಗೇಮಾದರೆ ‘ಇಮ್ಜ್‌ಮೌಂಟ್ ಡಿ’ (ಇಮ್ಜ್ ಎಂದರೆ ಐ, ಎಂ, ಜಿ ಅಕ್ಷರಗಳು), ಆಮೇಲೆ ಸಿಡಿ ಪ್ರತಿಯ ಕ್ಯೂ ಫೈಲಿನ ಹೆಸರು, ಕೊನೆಗೆ ‘ಅಡ್ಡಗೆರೆ ಟಿ, ಐಎಸ್‌ಒ’. ಐಎಸ್‌ಒ ಎಂದು ಬರೆದರೂ ಬಿನ್-ಕ್ಯೂ ಜೋಡಿಯನ್ನು (ಬಿನ್‌ನಲ್ಲಿ ಸಿಡಿಯ ಡೇಟಾ, ಕ್ಯೂನಲ್ಲಿ ಟ್ರ್ಯಾಕುಗಳ ಪಟ್ಟಿ) ಅದು ಓದುತ್ತದೆ.
4. ‘ಸಿ’ ಮತ್ತು ಕೋಲನ್ ಹೊಡೆದು ಆ ಡ್ರೈವಿಗೆ ಹೋಗಿ, ‘ಸಿಡಿ’ ಆಜ್ಞೆಯಿಂದ ಗೇಮಿನ ಫೋಲ್ಡರಿಗಿಳಿದು, ಮೊದಲು ಸೆಟಪ್ ಅಥವಾ ಸೆಟ್‌ಸೌಂಡ್ ಓಡಿಸಿ.
5. ಆ ಕಾಲದ ಸೌಂಡ್ ಕಾರ್ಡಾದ ಸೌಂಡ್ ಬ್ಲಾಸ್ಟರ್ 16 ಆರಿಸಿ. ಪೋರ್ಟ್ 220, ಐಆರ್‌ಕ್ಯೂ 7, ಡಿಎಂಎ 1, ಹೈ ಡಿಎಂಎ 5.
6. ಎಲ್ಲ ಸರಿಬಂದ ಮೇಲೆ ಇದೇ ಆಜ್ಞೆಗಳನ್ನು ಡಾಸ್‌ಬಾಕ್ಸಿನ ಸೆಟ್ಟಿಂಗ್‌ಗಳಿರುವ ಕಾನ್ಫ್ ಫೈಲಿನ ಕೊನೆಯಲ್ಲಿರುವ ಆಟೊಎಕ್ಸೆಕ್ ಭಾಗಕ್ಕೆ ಹಾಕಿಬಿಡಿ.

ಐದನೆಯ ಹೆಜ್ಜೆಯಲ್ಲಿ ಜಾರುವವರೇ ಹೆಚ್ಚು. ಎಷ್ಟೋ ಗೇಮ್‌ಗಳು ತಾವಾಗಿ ಐಆರ್‌ಕ್ಯೂ 5 ಎಂದು ಇಟ್ಟುಕೊಂಡಿರುತ್ತವೆ. ಆಗ ಸಂಗೀತ ಬರುತ್ತದೆ, ಗುಂಡಿನ ಸದ್ದು ಬರುವುದಿಲ್ಲ, ಇಲ್ಲವೇ ಒಂದೇ ತುಣುಕು ಕೀರಲಾಗಿ ಸುತ್ತುತ್ತಿರುತ್ತದೆ. ಸಂಗೀತಕ್ಕೆ ಜನರಲ್ ಮಿಡಿ ಆರಿಸಿದರೆ ಅದರ ಪೋರ್ಟ್ 330. ಸ್ಟೇಜಿಂಗ್‌ನಲ್ಲಿ ಮಿಡಿ ನುಡಿಸುವ ಫ್ಲೂಯಿಡ್‌ಸಿಂತ್ ಒಳಗೇ ಇದೆ, ಒಳ್ಳೆಯ ಸೌಂಡ್‌ಫಾಂಟ್ (ವಾದ್ಯಗಳ ದನಿಗಳಿರುವ ಫೈಲ್) ಒಂದನ್ನು ಕೊಟ್ಟರೆ ಆ ಗೇಮಿನ ಸಂಗೀತ ಇಷ್ಟು ಚೆನ್ನಾಗಿತ್ತೇ ಎನ್ನಿಸುತ್ತದೆ.

ವೇಗವನ್ನು ‘ಸೈಕಲ್ಸ್’ ಎಂಬ ಸಂಖ್ಯೆ ನಿರ್ಧರಿಸುತ್ತದೆ. ಒಂದು ಮಿಲಿಸೆಕೆಂಡಿನಲ್ಲಿ ಎಷ್ಟು ಆದೇಶಗಳನ್ನು ಓಡಿಸಬೇಕು ಎಂಬ ಲೆಕ್ಕ ಅದು. ಅಂದಾಜಿಗೆ ಹೇಳುವುದಾದರೆ ಮೊದಲ ಐಬಿಎಂ ಪಿಸಿಗೆ 300, 33 ಮೆಗಾಹರ್ಟ್ಸಿನ 386ಕ್ಕೆ 6000, 66 ಮೆಗಾಹರ್ಟ್ಸಿನ 486ಕ್ಕೆ 25000 ಸುತ್ತಮುತ್ತ. 1990ರ ವಿಂಗ್ ಕಮಾಂಡರ್‌ನಂಥ ಗೇಮಿಗೆ ಲಗಾಮೇ ಇಲ್ಲ. ಎಷ್ಟು ವೇಗ ಕೊಟ್ಟರೂ ಅಷ್ಟನ್ನೂ ನುಂಗಿ ಓಡುತ್ತದೆ. ಅಂಥವಕ್ಕೆ 3000ದಿಂದ 6000ದೊಳಗೆ ಸ್ಥಿರ ಸಂಖ್ಯೆ ಕೊಡಿ. ಆಡುತ್ತಿರುವಾಗಲೇ ಕಂಟ್ರೋಲ್ ಎಫ್11 ಇಳಿಸುತ್ತದೆ, ಕಂಟ್ರೋಲ್ ಎಫ್12 ಏರಿಸುತ್ತದೆ. 1994ರ ನಂತರದ 3ಡಿ ಗೇಮ್‌ಗಳಿಗೆ ‘ಮ್ಯಾಕ್ಸ್’ ಇಟ್ಟರೆ ಸಾಕು. ಸದ್ದು ಕಡಿಕಡಿದು ಬಂದರೆ ಸೈಕಲ್ಸ್ ನಿಮ್ಮ ಪಿಸಿಯ ಮಿತಿ ಮೀರಿದೆ ಎಂದರ್ಥ, ಇಳಿಸಬೇಕು, ಏರಿಸುವುದಲ್ಲ.

ಎರಡು ದೋಷಸಂದೇಶಗಳನ್ನು ಬಾಯಿಪಾಠ ಮಾಡಿಟ್ಟುಕೊಳ್ಳಬಹುದು. ‘ರನ್‌ಟೈಂ ಎರರ್ 200’ ಬಂದರೆ ಗೇಮ್ ಬರೆದದ್ದು ಟರ್ಬೊ ಪ್ಯಾಸ್ಕಲ್‌ನಲ್ಲಿ. ಅದರ ಸಿಆರ್‌ಟಿ ಭಾಗ ಶುರುವಿನಲ್ಲೇ 55 ಮಿಲಿಸೆಕೆಂಡಿನಲ್ಲಿ ಎಷ್ಟು ಸುತ್ತು ಹಾಕಬಲ್ಲೆ ಎಂದು ಎಣಿಸಿ 55ರಿಂದ ಭಾಗಿಸುತ್ತದೆ. ಪ್ರೊಸೆಸರ್ ವೇಗವಾಗಿದ್ದರೆ ಭಾಗಲಬ್ಧ 16 ಬಿಟ್ಟಿನಲ್ಲಿ ಹಿಡಿಸದೆ ಅಲ್ಲೇ ಬೀಳುತ್ತದೆ. ಸೈಕಲ್ಸ್ 10000ಕ್ಕೆ ಇಳಿಸಿದರೆ ಮುಗಿಯಿತು. ‘ಪ್ಯಾಕ್ಡ್ ಫೈಲ್ ಈಸ್ ಕರಪ್ಟ್’ ಎಂದರೆ ಫೈಲೇನೂ ಕೆಟ್ಟಿಲ್ಲ. ಮೆಮೊರಿಯ ಮೊದಲ 64 ಕಿಲೋಬೈಟಿನಲ್ಲೇ ಪ್ರೋಗ್ರಾಂ ಕೂತದ್ದರಿಂದ ಅದು ಬಿಚ್ಚಿಕೊಳ್ಳಲಾಗುತ್ತಿಲ್ಲ, ಅಷ್ಟೆ. ಗೇಮಿನ ಹೆಸರಿಗಿಂತ ಮೊದಲು ‘ಲೋಡ್‌ಫಿಕ್ಸ್’ ಸೇರಿಸಿ ಓಡಿಸಿ.

ಇನ್ನು ಆಕಾರ. 320×200 ಚಿತ್ರವನ್ನು ಅಂದು 4:3 ಮಾನಿಟರ್ ಉದ್ದಕ್ಕೆ ಹಿಗ್ಗಿಸಿ ತೋರಿಸುತ್ತಿತ್ತು. ಮೂಲ ಡಾಸ್‌ಬಾಕ್ಸಿನಲ್ಲಿ ‘ಆಸ್ಪೆಕ್ಟ್’ ಅನ್ನು ‘ಟ್ರೂ’ ಮಾಡದಿದ್ದರೆ ಚಕ್ರಗಳು ಅಪ್ಪಳಿಸಿದ ಹಾಗೆ ಕಾಣುತ್ತವೆ. ಅಡ್ಡಕ್ಕೆ 5 ಪಟ್ಟು, ಉದ್ದಕ್ಕೆ 6 ಪಟ್ಟು ಮಾಡಿದರೆ ಕರಾರುವಾಕ್ಕಾಗಿ 1600×1200 ಆಗುತ್ತದೆ. 1440 ಗೆರೆಯ ಮಾನಿಟರ್ ಇದ್ದವರಿಗೆ ಇದಕ್ಕಿಂತ ಚೊಕ್ಕ ಚಿತ್ರ ಸಿಗದು.

ಸಿಡಿ ಮತ್ತು ಇನ್‌ಸ್ಟಾಲರ್

ವಿಂಡೋಸ್ 95ರ ಕಾಲದ ಗೇಮ್‌ಗಳಲ್ಲಿ ಒಂದು ವಿಚಿತ್ರ: ಗೇಮ್ 32 ಬಿಟ್, ಅದನ್ನು ಹಾಕುವ ಸೆಟಪ್ ಮಾತ್ರ 16 ಬಿಟ್. ಊಟ ಸರಿಯಾಗಿದೆ, ಡಬ್ಬಿಯ ಮುಚ್ಚಳ ತೆರೆಯುತ್ತಿಲ್ಲ. ‘ಈ ಆ್ಯಪ್ ನಿಮ್ಮ ಪಿಸಿಯಲ್ಲಿ ಓಡದು’ ಎಂದು ವಿಂಡೋಸ್ ಹೇಳಿದೊಡನೆ ಗೇಮಿನ ಆಸೆ ಬಿಡಬೇಡಿ. ಇನ್‌ಸ್ಟಾಲ್‌ಶೀಲ್ಡ್‌ನ ಕೆಲವು ಹಳೆಯ ಆವೃತ್ತಿಗಳನ್ನು ವಿಂಡೋಸೇ ಗುರುತಿಸಿ 32 ಬಿಟ್ ಎಂಜಿನ್ ಬದಲಿಗಿಡುತ್ತದೆ. ಅದಾಗದಿದ್ದರೆ 16 ಬಿಟ್ ಪ್ರೋಗ್ರಾಂ ಓಡಿಸುವ ವೈನ್‌ವಿಡಿಎಂ ಹಾಕಿ, ಸೆಟಪ್ ಫೈಲನ್ನು ಎಳೆದು ಅದರ ಒಟಿವಿಡಿಎಂ ಮೇಲೆ ಬಿಡಿ. ಸಿಡಿಯಲ್ಲಿ ಡೇಟಾ1.ಕ್ಯಾಬ್ ಇದ್ದರೆ ಅನ್‌ಶೀಲ್ಡ್ ಎಂಬ ಉಪಕರಣದಿಂದ ನೇರವಾಗಿ ಬಿಚ್ಚಿಕೊಳ್ಳಲೂಬಹುದು. ಲಿನಕ್ಸ್ ಬಳಸುವವರಿಗೆ ಇಲ್ಲೊಂದು ಲಾಭ: 64 ಬಿಟ್ ಲಿನಕ್ಸಿನಲ್ಲೂ ವೈನ್ 16 ಬಿಟ್ ವಿಂಡೋಸ್ ಪ್ರೋಗ್ರಾಂಗಳನ್ನು ಓಡಿಸುತ್ತದೆ. ವಿಂಡೋಸ್ ಕೈಬಿಟ್ಟ ವಿಂಡೋಸನ್ನು ಲಿನಕ್ಸ್ ಸಾಕುತ್ತಿದೆ!

ಒಂದು ಟೆರಾಬೈಟ್ ಖಾಲಿ ಇದ್ದರೂ ‘ಜಾಗ ಸಾಲದು’ ಎಂದರೆ ಅದು ಲೆಕ್ಕದ ದೋಷ. ಖಾಲಿ ಜಾಗವನ್ನು 32 ಬಿಟ್ ಸಂಖ್ಯೆಯಲ್ಲಿ ಹಿಡಿದಿಡಲು ಹೋಗಿ ಮೊತ್ತ ಋಣಸಂಖ್ಯೆಯಾಗಿಬಿಟ್ಟಿರುತ್ತದೆ. ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ‘ಕ್ರಿಯೇಟ್ ವಿಎಚ್‌ಡಿ’ ಆರಿಸಿ 1.5 ಜಿಬಿಯ ಪುಟ್ಟ ಡಿಸ್ಕ್ ಮಾಡಿ, ಅದಕ್ಕೆ ಇನ್‌ಸ್ಟಾಲ್ ಮಾಡಿಸಿ, ಆಮೇಲೆ ಫೋಲ್ಡರನ್ನು ಬೇಕಾದಲ್ಲಿಗೆ ಸಾಗಿಸಿ.

ಸಿಡಿಯ ಪ್ರತಿ ತೆಗೆಯುವಾಗ ಐಎಸ್‌ಒ ಸಾಕು ಎಂದುಕೊಳ್ಳುವುದು ದೊಡ್ಡ ತಪ್ಪು. ಆ ಕಾಲದ ಎಷ್ಟೋ ಸಿಡಿಗಳಲ್ಲಿ ಮೊದಲ ಟ್ರ್ಯಾಕ್ ಡೇಟಾ, ಉಳಿದವು ಆಡಿಯೊ ಸಿಡಿಯಂತೆಯೇ ಹಾಡುಗಳು. 1996ರ ಕ್ವೇಕ್‌ನ ಸಂಗೀತ ಹಾಗೇ ಇತ್ತು. ಐಎಸ್‌ಒ ಆಡಿಯೊ ಟ್ರ್ಯಾಕುಗಳನ್ನು ಹಿಡಿದಿಡುವುದಿಲ್ಲ. ಗೇಮ್ ಓಡುತ್ತದೆ, ಹಾಡು ಮಾತ್ರ ಮೌನ. ಇಮ್ಜ್‌ಬರ್ನ್ ಇಂಥ ಸಿಡಿ ಕಂಡರೆ ತಾನಾಗಿ ಬಿನ್-ಕ್ಯೂ ಜೋಡಿ ಮಾಡುತ್ತದೆ. ವಿಂಡೋಸಿನ ಸ್ವಂತ ಮೌಂಟ್ ಐಎಸ್‌ಒ ಮಾತ್ರ ಓದುವುದರಿಂದ ಕ್ಯೂ ಫೈಲಿಗೆ ಆಡಿಯೊ ಟ್ರ್ಯಾಕುಗಳನ್ನೂ ಓದಬಲ್ಲ ಬೇರೆ ವರ್ಚುವಲ್ ಡ್ರೈವ್ ಬೇಕು. ಕ್ವೇಕನ್ನು ಕ್ವೇಕ್‌ಸ್ಪಾಸ್ಮ್ ಅಥವಾ ವಿಕೆಕ್ವೇಕ್‌ನಲ್ಲಿ ಆಡುವವರು ಹಾಡುಗಳನ್ನು ಒಜಿಜಿ ಮಾಡಿ ಐಡಿ1 ಒಳಗಿನ ಮ್ಯೂಸಿಕ್ ಫೋಲ್ಡರಿಗೆ ಟ್ರ್ಯಾಕ್02 ಎಂಬ ಹೆಸರಿನಿಂದ ಶುರುಮಾಡಿ ಹಾಕಿದರಾಯಿತು. 01 ಡೇಟಾ ಟ್ರ್ಯಾಕಿನದ್ದು, ಅದಕ್ಕೇ ಎಣಿಕೆ 02ರಿಂದ.

ನಕಲು ತಡೆಯುವ ಸೇಫ್‌ಡಿಸ್ಕ್ ಬೀಗ ಹಾಕಿದ ಸಿಡಿಗಳ ಕಥೆ ಬೇರೆ. ಅದಕ್ಕೆ ಬೇಕಾದ ಸೆಕ್‌ಡಿಆರ್‌ವಿ ಎಂಬ ಡ್ರೈವರನ್ನು ಭದ್ರತೆಯ ಕಾರಣಕ್ಕೆ ವಿಂಡೋಸ್ 10ರಿಂದಲೇ ತೆಗೆದರು. ಹಳೆಯ ವಿಂಡೋಸ್‌ಗಳಲ್ಲೂ 2015ರ ಸೆಪ್ಟೆಂಬರಿನ ಅಪ್‌ಡೇಟ್ ಅದನ್ನು ನಿಲ್ಲಿಸಿತು. ಆ ಡ್ರೈವರನ್ನು ಎಲ್ಲಿಂದಲೋ ತಂದು ಮತ್ತೆ ಕೂರಿಸುವ ಸಲಹೆ ಆಗಾಗ ಕಾಣುತ್ತದೆ. ಬೇಡ. ವಿಂಡೋಸಿನ ಗರ್ಭಗುಡಿಯಲ್ಲಿ ಕೂರುವ, ರಂಧ್ರವಿದೆಯೆಂದು ಗೊತ್ತಿರುವ ಡ್ರೈವರ್ ಅದು. ಕಂಪನಿಯ ಕೊನೆಯ ಅಧಿಕೃತ ಪ್ಯಾಚ್ ಹಾಕಿ ನೋಡಿ, ಕೆಲವು ಗೇಮ್‌ಗಳಲ್ಲಿ ಡಿಸ್ಕ್ ತಪಾಸಣೆಯನ್ನು ಕೊನೆಗೆ ಅವರೇ ತೆಗೆದಿದ್ದಾರೆ. ಇಲ್ಲವಾದರೆ ಜಿಒಜಿ ಅಥವಾ ಸ್ಟೀಮ್ ಎಂಬ ಆನ್‌ಲೈನ್ ಅಂಗಡಿಗಳಲ್ಲಿರುವ ಡಿಜಿಟಲ್ ಪ್ರತಿಯೇ ನೆಮ್ಮದಿ.

ಬಣ್ಣ ಕಲಸಿದರೆ, ಪರದೆ ಕಪ್ಪಾದರೆ

ಮೊದಲ ಎರಡು ಏಜ್ ಆಫ್ ಎಂಪೈರ್ಸ್‌ಗಳಲ್ಲಿ ನೀರು ಕೆಂಪಾಗಿ, ಹುಲ್ಲು ನೇರಳೆಯಾಗಿ ಕಂಡದ್ದು ಅನೇಕರಿಗೆ ನೆನಪಿರಬಹುದು. ಗೇಮ್ 256 ಬಣ್ಣಗಳ ಪಟ್ಟಿಯೊಂದನ್ನು ಪರದೆಗೆ ಕೊಟ್ಟಿರುತ್ತದೆ. ಅದೇ ಹೊತ್ತಿಗೆ ವಿಂಡೋಸಿನ ಡೆಸ್ಕ್‌ಟಾಪ್ ತನ್ನ ಪಟ್ಟಿಯನ್ನು ಅದರ ಮೇಲೆ ಬರೆದುಬಿಡುತ್ತದೆ. ವಿಂಡೋಸ್ 8ರಿಂದ ಈಚೆಗೆ ಡೈರೆಕ್ಟ್‌ಡ್ರಾ ಬರೀ ಅನುಕರಣೆಯಾಗಿ ಉಳಿದಿರುವುದರಿಂದ ಕೆಲವು ಗೇಮ್‌ಗಳು ಸೆಕೆಂಡಿಗೆ ಹತ್ತು ಫ್ರೇಮಿಗೆ ತೆವಳುವುದೂ ಉಂಟು.

ಇದಕ್ಕೆ ಮದ್ದು ರ‍್ಯಾಪರ್. ಗೇಮ್ ಕೇಳುವ ಡಿಎಲ್‌ಎಲ್ ಹೆಸರಿನಲ್ಲೇ ಇರುವ, ಆದರೆ ಹಳೆಯ ಮಾತನ್ನು ಇಂದಿನ ಗ್ರಾಫಿಕ್ಸ್ ಕಾರ್ಡಿಗೆ ಅರ್ಥವಾಗುವ ಮಾತಿಗೆ ತಿರುಗಿಸುವ ಫೈಲ್ ಅದು. ಗೇಮಿನ ಇಎಕ್ಸ್‌ಇ (ಗೇಮ್ ತೆರೆಯುವ ಮುಖ್ಯ ಫೈಲ್) ಇರುವ ಫೋಲ್ಡರಿಗೇ ಹಾಕಬೇಕು, ವಿಂಡೋಸಿನ ಸಿಸ್ಟಂ ಫೋಲ್ಡರಿಗೆ ಯಾವತ್ತೂ ಹಾಕಬಾರದು. 2ಡಿ ಗೇಮ್‌ಗಳಿಗೆ ಸಿಎನ್‌ಸಿ-ಡಿಡ್ರಾ ಮೊದಲ ಆಯ್ಕೆ. ಕಿಟಕಿಯಲ್ಲಿ ಆಡುವುದು, 4:3 ಆಕಾರ ಉಳಿಸುವುದು, ‘ಮ್ಯಾಕ್ಸ್‌ಗೇಮ್‌ಟಿಕ್ಸ್’ ಎಂಬ ಸಾಲಿನಿಂದ ವೇಗಕ್ಕೆ ಲಗಾಮು ಹಾಕುವುದು ಎಲ್ಲ ಅದರಲ್ಲಿದೆ. ಅದು ಒಗ್ಗದಿದ್ದರೆ ಡಿಡ್ರಾಕಂಪ್ಯಾಟ್.

3ಡಿ ಗೇಮ್‌ಗಳಿಗೆ, ಅದರಲ್ಲೂ 3ಡಿಎಫ್‌ಎಕ್ಸ್ ಕಂಪನಿಯ ವೂಡೂ ಕಾರ್ಡಿಗಾಗಿ ಗ್ಲೈಡ್‌ನಲ್ಲಿ ಬರೆದವಕ್ಕೆ, ಡಿಜಿವೂಡೂ 2. ಕ್ರಮ ಹೀಗೆ:

1. ಡಿಜಿವೂಡೂಸಿಪಿಎಲ್ ಎಂಬ ಇಎಕ್ಸ್‌ಇ ಮತ್ತು ಕಾನ್ಫ್ ಫೈಲ್ ಎರಡನ್ನೂ ಗೇಮಿನ ಫೋಲ್ಡರಿಗೆ ನಕಲಿಸಿ.
2. ಡೈರೆಕ್ಟ್‌ಎಕ್ಸ್ 7ರವರೆಗಿನ ಗೇಮಿಗೆ ಎಂಎಸ್ ಒಳಗಿನ ಎಕ್ಸ್86 ಫೋಲ್ಡರಿನಿಂದ ಡಿಡ್ರಾ, ಡಿ3ಡಿಇಮ್ ಎರಡೂ ಬೇಕು. ಡೈರೆಕ್ಟ್‌ಎಕ್ಸ್ 8ಕ್ಕೆ ಡಿ3ಡಿ8, 9ಕ್ಕೆ ಡಿ3ಡಿ9. ಗ್ಲೈಡ್ ಗೇಮಿಗೆ 3ಡಿಎಫ್‌ಎಕ್ಸ್ ಫೋಲ್ಡರಿನ ಗ್ಲೈಡ್, ಗ್ಲೈಡ್2ಎಕ್ಸ್, ಗ್ಲೈಡ್3ಎಕ್ಸ್. ನಿಮ್ಮ ವಿಂಡೋಸ್ 64 ಬಿಟ್ ಎಂದು ಎಕ್ಸ್64 ಫೋಲ್ಡರಿನದನ್ನು ಹಾಕಬೇಡಿ. ಲೆಕ್ಕಕ್ಕೆ ಬರುವುದು ಗೇಮಿನ ಬಿಟ್, ವಿಂಡೋಸಿನದ್ದಲ್ಲ.
3. ಇಎಕ್ಸ್‌ಇ ಮೇಲಿನ ಕಂಪ್ಯಾಟಿಬಿಲಿಟಿ ಟಿಕ್‌ಗಳನ್ನೆಲ್ಲ ತೆಗೆಯಿರಿ. ಆ ಮೋಡ್‌ಗಳು ವಿಂಡೋಸಿನ ಸ್ವಂತ ಡಿಡ್ರಾವನ್ನು ಮುಂಚೆಯೇ ಎಳೆದು ತಂದು ನಿಮ್ಮ ಫೈಲಿಗೆ ಸರದಿಯೇ ಬಾರದಂತೆ ಮಾಡಬಲ್ಲವು.
4. ಗೇಮ್ ಓಡಿಸಿ. ಮೂಲೆಯಲ್ಲಿ ಡಿಜಿವೂಡೂ ಗುರುತು ಕಂಡರೆ ರ‍್ಯಾಪರ್ ಹಿಡಿಯಿತು. ಕಾಣದಿದ್ದರೆ ಫೋಲ್ಡರ್ ತಪ್ಪಿದೆ ಅಥವಾ ಡಿಎಲ್‌ಎಲ್ ತಪ್ಪಿದೆ.
5. ಹಿಡಿದದ್ದು ಖಾತ್ರಿಯಾದ ಮೇಲೆ ಸಿಪಿಎಲ್‌ನಲ್ಲಿ ಗುರುತನ್ನು ತೆಗೆದು, ರೆಸಲ್ಯೂಶನ್ನೂ ಅಂಚುಗಳನ್ನು ನುಣುಪಾಗಿಸುವ ಆಂಟಿಏಲಿಯಾಸಿಂಗನ್ನೂ ಏರಿಸಿ.

ವಿಡಿಯೊ ಮೆಮೊರಿಯನ್ನು ಮಾತ್ರ ಏರಿಸುವ ಆಸೆ ಬೇಡ. 1998ರ ಗೇಮಿಗೆ 64 ಎಂಬಿ ಧಾರಾಳ. ಹೆಚ್ಚು ಕೊಟ್ಟರೆ ಅದರ ಲೆಕ್ಕವೇ ತಪ್ಪಬಹುದು. ಕಾರ್ಡಿನ ಹೆಸರನ್ನೂ ಇಲ್ಲಿ ಆರಿಸಬಹುದು, ಕೆಲವೊಮ್ಮೆ ಅದೇ ಮುಖ್ಯವಾಗುತ್ತದೆ. 2002ರ ಸ್ಪ್ಲಿಂಟರ್ ಸೆಲ್‌ನಲ್ಲಿ ನೆರಳೇ ಆಟ, ಆದರೆ ಇಂದಿನ ಕಾರ್ಡುಗಳಲ್ಲಿ ಅದರ ಮೂಲ ನೆರಳಿನ ವಿಧಾನ ಸರಿಯಾಗಿ ಕೂರುವುದಿಲ್ಲ. ಡಿಜಿವೂಡೂದಲ್ಲಿ ಜಿಫೋರ್ಸ್ ಟಿಐ 4800 ಆರಿಸಿದರೆ ನೆರಳು ಮರಳಿ ಬರುತ್ತದೆ.

ಓಪನ್‌ಜಿಎಲ್ ಗೇಮ್‌ಗಳ ರೋಗವೇ ಬೇರೆ. ಕಾರ್ಡಿಗೆ ಏನೇನು ಗೊತ್ತು ಎಂಬ ಪಟ್ಟಿಯನ್ನು ಡ್ರೈವರ್ ಒಂದೇ ಉದ್ದನೆಯ ಸಾಲಾಗಿ ಕೊಡುತ್ತದೆ. ಕ್ವೇಕ್ 3 ಎಂಜಿನ್ನಿನ ಕಾಲದಲ್ಲಿ ಆ ಸಾಲು ಚಿಕ್ಕದಿತ್ತು, ಅದಕ್ಕೆ ಅಳತೆ ನೋಡಿ ಜಾಗ ಬಿಟ್ಟಿದ್ದರು. ಈಗಿನ ಸಾಲು ಆ ಜಾಗದಿಂದ ಹೊರಚೆಲ್ಲಿ ಗೇಮ್ ಶುರುವಿನಲ್ಲೇ ಕುಸಿಯುತ್ತದೆ. ಎನ್‌ವಿಡಿಯಾ ಕಾರ್ಡಾದರೆ ಪ್ರೊಫೈಲ್ ಇನ್‌ಸ್ಪೆಕ್ಟರ್ ಎಂಬ ಉಪಕರಣದಲ್ಲಿ ಎಕ್ಸ್‌ಟೆನ್ಶನ್ ಲಿಮಿಟ್ ಸೆಟ್ಟಿಂಗ್ ಹಾಕಬಹುದು. ಕ್ವೇಕ್ 3ಕ್ಕೇ ಆದರೆ ಅದರ ಹೊಸ ಎಂಜಿನ್ ಐಒಕ್ವೇಕ್3 ಬಳಸಿ ಸುಮ್ಮನಾಗಬಹುದು.

ಅತಿವೇಗ

ಗೇಮಿನ ಲೋಕ ಫ್ರೇಮಿನ ಲೆಕ್ಕದಲ್ಲಿ ನಡೆಯುವಂತೆ ಬರೆದಿದ್ದರೆ 144 ಹರ್ಟ್ಸಿನ ಮಾನಿಟರೇ ಶತ್ರು. 2011ರ ಮೂಲ ಸ್ಕೈರಿಂನಲ್ಲಿ 60 ಫ್ರೇಮ್ ದಾಟಿದರೆ ಮೇಜಿನ ಮೇಲಿನ ಸಾಮಾನುಗಳು ತಾವಾಗಿ ಹಾರಾಡುತ್ತವೆ. ಸ್ಯಾನ್ ಆ್ಯಂಡ್ರಿಯಾಸ್‌ನಲ್ಲಿ ಫ್ರೇಮ್ ಲಿಮಿಟರ್ ಆಫ್ ಮಾಡಿದರೆ ಈಜು ಮೊದಲಾದ ಎಷ್ಟೋ ಲೆಕ್ಕಗಳು ತಪ್ಪುತ್ತವೆ. ಆದ್ದರಿಂದ ಹಳೆಯ ಗೇಮಿನ ಸ್ವಂತ ಲಿಮಿಟರನ್ನು ಮುಟ್ಟಬೇಡಿ. ಅದಿಲ್ಲದಿದ್ದರೆ ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನ ಪ್ರೋಗ್ರಾಂ ಸೆಟ್ಟಿಂಗ್ಸ್‌ನಲ್ಲಿ ಆ ಇಎಕ್ಸ್‌ಇಗೆ ಮಾತ್ರ ಮ್ಯಾಕ್ಸ್ ಫ್ರೇಮ್ ರೇಟ್ 60 ಎಂದು ಇಡಿ. ಯಾವ ಕಾರ್ಡಿಗಾದರೂ ರಿವಾಟ್ಯೂನರ್ ಕೂಡ ಇದೇ ಕೆಲಸ ಮಾಡುತ್ತದೆ.

ಒಂದು ಕ್ಷಣ ಓಡಿ, ಒಂದು ಕ್ಷಣ ನಿಂತು, ಮತ್ತೆ ಜಿಗಿದರೆ ಅದು ಹಲವು ಕೋರ್‌ಗಳ ಸಮಸ್ಯೆ. ಒಂದೇ ಕೋರ್ ಇದ್ದ ಕಾಲದ ಗೇಮ್ ಸಮಯವನ್ನು ಪ್ರೊಸೆಸರಿನಿಂದಲೇ ಓದುತ್ತಿತ್ತು. ಟಾಸ್ಕ್ ಮ್ಯಾನೇಜರಿನ ಡೀಟೇಲ್ಸ್‌ನಲ್ಲಿ ಇಎಕ್ಸ್‌ಇ ಮೇಲೆ ಬಲಕ್ಲಿಕ್ ಮಾಡಿ ಸೆಟ್ ಅಫಿನಿಟಿಯಲ್ಲಿ ಒಂದೇ ಕೋರ್ ಉಳಿಸಿ. ಗುಣವಾದರೆ ಬ್ಯಾಚ್ ಫೈಲಿನಲ್ಲಿ ‘ಸ್ಟಾರ್ಟ್’ ಆಜ್ಞೆಗೆ ಅಫಿನಿಟಿ 1 ಸೇರಿಸಿ ಕಾಯಂ ಮಾಡಿ. ಮೌಸ್ ಅಲುಗಿಸಿದಾಗ ಮಾತ್ರ ಗೇಮ್ ತಡವರಿಸುತ್ತದೆಯೇ? ಮೌಸಿನ ಪೋಲಿಂಗ್ ದರವನ್ನು (ಸೆಕೆಂಡಿಗೆ ಎಷ್ಟು ಸಲ ಅದು ಪಿಸಿಗೆ ಸುದ್ದಿ ಕೊಡುತ್ತದೆ ಎಂಬ ಲೆಕ್ಕ) 1000ದಿಂದ 125ಕ್ಕೆ ಇಳಿಸಿ. ಕ್ಯಾಮೆರಾ ತಾನಾಗಿ ಗಿರಗಿರ ತಿರುಗಿದರೆ ಯುಎಸ್‌ಬಿಯಲ್ಲಿರುವ ಗೇಮ್‌ಪ್ಯಾಡ್ ಕಿತ್ತು ನೋಡಿ.

ಸದ್ದು

2000ದ ಆಸುಪಾಸಿನ ಗೇಮ್‌ಗಳಲ್ಲಿ ಗುಹೆಯೊಳಗೆ ಮಾರ್ದನಿ, ಗೋಡೆಯಾಚೆ ಮಂಕು ದನಿ ಕೊಡುತ್ತಿದ್ದದ್ದು ಇಎಎಕ್ಸ್. ವಿಸ್ಟಾ ಬಂದಾಗ ಸೌಂಡ್ ಕಾರ್ಡಿಗೆ ನೇರ ದಾರಿ ಮುಚ್ಚಿಹೋಗಿ ಆ ಆಯ್ಕೆಯೇ ಮಸುಕಾಯಿತು. ಇಎಎಕ್ಸನ್ನು ಮರಳಿ ತರುವ ಡಿಎಸ್‌ಒಎಎಲ್ ಎಂಬ ಉಪಕರಣದ ಡಿಸೌಂಡ್.ಡಿಎಲ್‌ಎಲ್ ಮತ್ತು ಡಿಎಸ್‌ಒಎಎಲ್-ಎಎಲ್‌ಡಿಆರ್‌ವಿ ಎರಡನ್ನೂ ಗೇಮಿನ ಫೋಲ್ಡರಿಗೆ ಹಾಕಿ, ಗೇಮಿನ ಮೆನುವಿನಲ್ಲಿ ಇಎಎಕ್ಸ್ ಆನ್ ಮಾಡಿ. ಡಿಸೌಂಡ್ ಒಂದನ್ನೇ ಹಾಕಿದರೆ ಗೇಮ್ ಮೂಕವಾಗಬಹುದು. ಹೆಡ್‌ಫೋನ್ ಹಾಕುವವರು ಎಚ್‌ಆರ್‌ಟಿಎಫ್ ಕೂಡ ಆನ್ ಮಾಡಿದರೆ ಬೆನ್ನ ಹಿಂದಿನ ಹೆಜ್ಜೆ ಬೆನ್ನ ಹಿಂದೆಯೇ ಕೇಳುತ್ತದೆ.

ಅಗಲ ಪರದೆ

4:3 ಗೇಮನ್ನು 16:9ಕ್ಕೆ ಎಳೆದು ಎಲ್ಲರನ್ನೂ ದಪ್ಪಗೆ ಮಾಡುವುದಕ್ಕಿಂತ ಪಕ್ಕದಲ್ಲಿ ಕಪ್ಪು ಪಟ್ಟಿ ಬಿಡುವುದೇ ಲೇಸು. ಗ್ರಾಫಿಕ್ಸ್ ಪ್ಯಾನೆಲ್‌ನಲ್ಲಿ ಸ್ಕೇಲಿಂಗನ್ನು ಆಸ್ಪೆಕ್ಟ್ ರೇಶಿಯೊಗೆ ಇಟ್ಟು, ಆ ಕೆಲಸ ಜಿಪಿಯು ಮಾಡುವಂತೆ ಆರಿಸಿ. ಇಂಟಿಜರ್ ಸ್ಕೇಲಿಂಗ್ ಇದ್ದರೆ 640×480 ಚಿತ್ರ 1080ರಲ್ಲಿ ಎರಡು ಪಟ್ಟು, 1440ರಲ್ಲಿ ಮೂರು ಪಟ್ಟು, 2160ರಲ್ಲಿ ನಾಲ್ಕು ಪಟ್ಟಾಗಿ ಮಸುಕಿಲ್ಲದೆ ಕೂರುತ್ತದೆ.

3ಡಿ ಗೇಮಿನಲ್ಲಿ ನಿಜವಾಗಿಯೂ ಅಗಲ ಬೇಕೆಂದರೆ ನೋಟದ ಕೋನವನ್ನೂ ಬದಲಿಸಬೇಕು. 4:3ರಲ್ಲಿ 90 ಡಿಗ್ರಿ ಇದ್ದದ್ದು 16:10ಕ್ಕೆ 100, 16:9ಕ್ಕೆ 106. ಬರೀ ರೆಸಲ್ಯೂಶನ್ ಬದಲಿಸಿ ಕೋನ ಬಿಟ್ಟರೆ ಕೆಲವು ಗೇಮ್‌ಗಳು ಮೇಲೂ ಕೆಳಗೂ ಕತ್ತರಿಸಿ ತೋರಿಸುತ್ತವೆ. ಯಾವ ಗೇಮಿಗೆ ಯಾವ ಸಾಲು ತಿದ್ದಬೇಕು ಎಂಬುದು ಪಿಸಿಗೇಮಿಂಗ್‌ವಿಕಿಯಲ್ಲಿ ಗೇಮ್‌ವಾರು ಸಿಗುತ್ತದೆ.

2005ರ ಈಚಿನವು

ಇವಕ್ಕೆ ಹೆಚ್ಚು ಮಾತು ಬೇಡ. ‘ಡಿ3ಡಿಎಕ್ಸ್9 ಅಡಿಗೆರೆ’ ಎಂದು ಶುರುವಾಗುವ ಫೈಲ್ ಇಲ್ಲವೆಂದರೆ ಮೈಕ್ರೋಸಾಫ್ಟಿನ ಡೈರೆಕ್ಟ್‌ಎಕ್ಸ್ ಜೂನ್ 2010 ರನ್‌ಟೈಂ ಹಾಕಿ. ಹೊಸ ವಿಂಡೋಸಿನಲ್ಲಿ ಡೈರೆಕ್ಟ್‌ಎಕ್ಸ್ 12 ಇದ್ದರೂ ಈ ಫೈಲುಗಳು ಅದರ ಜೊತೆ ಬರುವುದಿಲ್ಲ. ಒಂಟಿ ಡಿಎಲ್‌ಎಲ್ ಕೊಡುವ ತಾಣಗಳ ಕಡೆ ತಲೆ ಹಾಕಬೇಡಿ. ಗೇಮ್ ಡೈರೆಕ್ಟ್‌ಪ್ಲೇ (ಹಲವರು ಕೂಡಿ ಆಡಲು ಇದ್ದ ಹಳೆಯ ಭಾಗ) ಕೇಳಿದರೆ ವಿಂಡೋಸ್ ಫೀಚರ್ಸ್ ಪಟ್ಟಿಯ ಲೆಗಸಿ ಕಾಂಪೊನೆಂಟ್ಸ್ ಒಳಗೆ ಟಿಕ್ ಹಾಕಿ. ಆಡುತ್ತಾ ಆಡುತ್ತಾ ಗಂಟೆ ಕಳೆದ ಮೇಲೆ ಕುಸಿಯುವ ಗೇಮ್, ಅದರಲ್ಲೂ ಫಾಲ್‌ಔಟ್ ನ್ಯೂ ವೇಗಸ್‌ನಂಥ ಮಾಡ್ (ಆಟಗಾರರೇ ಮಾಡಿದ ಸೇರ್ಪಡೆ) ತುಂಬಿದ ಗೇಮ್, ಮೆಮೊರಿಯ 2 ಜಿಬಿ ಮಿತಿ ಮುಟ್ಟಿರುತ್ತದೆ. 4ಜಿಬಿ ಪ್ಯಾಚ್ ಇಎಕ್ಸ್‌ಇಯ ಒಂದು ಗುರುತನ್ನು ತಿದ್ದಿ ಆ ಮಿತಿಯನ್ನು ಇಮ್ಮಡಿ ಮಾಡುತ್ತದೆ. ಪಿಸಿಯಲ್ಲಿ 32 ಜಿಬಿ ರ‍್ಯಾಮ್ ಇದ್ದರೂ ಈ ಪ್ಯಾಚ್ ಬೇಕು.

ಏನೂ ಆಗದಿದ್ದರೆ

86ಬಾಕ್ಸ್. ಇದು ಗೇಮಿಗಲ್ಲ, ಮದರ್‌ಬೋರ್ಡ್ ಬಯಾಸಿನಿಂದ ಹಿಡಿದು ವೂಡೂ ಕಾರ್ಡಿನವರೆಗೆ ಇಡೀ ಹಳೆಯ ಪಿಸಿಗೇ ಅನುಕರಣೆ. ಅದರೊಳಗೆ ವಿಂಡೋಸ್ 98 ಹಾಕಿ, ಡ್ರೈವರ್ ಹಾಕಿ, ಆಮೇಲೆ ಗೇಮ್ ಹಾಕಬೇಕು. ಒಂದು ಸಂಜೆಯ ಕೆಲಸ. ನಿಮ್ಮ ಪಿಸಿ ಎಷ್ಟೇ ಹೊಸದಾಗಿದ್ದರೂ ಒಳಗೆ ತೀರಾ ವೇಗದ ಪ್ರೊಸೆಸರಿಗೆ ಆಸೆಪಡಬೇಡಿ, ಏಕೆಂದರೆ ಈ ಭಾರವೆಲ್ಲ ಬಹುತೇಕ ಒಂದೇ ಕೋರಿನ ಮೇಲೆ ಬೀಳುತ್ತದೆ. ಕೆಳಗಿನ ಪಟ್ಟಿಯಲ್ಲಿ ವೇಗ 100%ಕ್ಕಿಂತ ಕೆಳಗಿಳಿದರೆ ಪ್ರೊಸೆಸರನ್ನು ಒಂದು ಮೆಟ್ಟಿಲು ಇಳಿಸಿ. ವರ್ಚುವಲ್‌ಬಾಕ್ಸಿನಲ್ಲಿ ವಿಂಡೋಸ್ 98 ಹಾಕುವ ಯೋಚನೆ ಮೇಲುನೋಟಕ್ಕೆ ಸುಲಭ ಎನ್ನಿಸುತ್ತದೆ, ಆದರೆ ಅಲ್ಲಿ 98ಕ್ಕೆಂದು ಅದರದೇ 3ಡಿ ಡ್ರೈವರ್ ಇಲ್ಲ. 2ಡಿ ಗೇಮಿಗಾದರೆ ಸರಿ.

ಗೇಮ್ ಸರಿಯಾಗಿ ಓಡಿದ ದಿನವೇ ಆ ಫೋಲ್ಡರನ್ನು ರ‍್ಯಾಪರ್, ಕಾನ್ಫ್, ಸೇವ್ ಸಮೇತ ಜಿಪ್ ಮಾಡಿಡಿ. ಪ್ರೋಗ್ರಾಂಗಳ ಸೆಟ್ಟಿಂಗ್‌ಗಳಿರುವ ವಿಂಡೋಸ್ ರಿಜಿಸ್ಟ್ರಿಯನ್ನು ತೋರಿಸುವ ರೆಜೆಡಿಟ್ ತೆರೆದು ಲೋಕಲ್ ಮೆಷಿನ್, ಸಾಫ್ಟ್‌ವೇರ್, ವಾವ್6432ನೋಡ್ ಒಳಗೆ ಗೇಮಿನ ಕಂಪನಿಯ ಹೆಸರಿನ ಕೀ ಇದ್ದರೆ ಅದನ್ನೂ ಎಕ್ಸ್‌ಪೋರ್ಟ್ ಮಾಡಿ ಅದೇ ಜಿಪ್‌ನೊಳಗೆ ಹಾಕಿ. ಹೊಸ ಪಿಸಿಗೆ ಬದಲಾದಾಗ ಜಿಪ್ ಬಿಚ್ಚಿ, ಆ ರೆಗ್ ಫೈಲಿನ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಇನ್‌ಸ್ಟಾಲರಿನ ಗೊಡವೆಯೇ ಇರುವುದಿಲ್ಲ. ಫೋಲ್ಡರಿನ ವಿಳಾಸ ಮಾತ್ರ ಹಿಂದಿನದ್ದೇ ಆಗಿರಬೇಕು.